ಟೋಕಿಯೊ ಆಳಿದ ಕಾದಂಬರಿಕಾರ

2012ರ ಜನವರಿ 17. ಜಪಾನಿನ ಬರಹಗಾರರೆಲ್ಲ ಕಣ್ಣಿಟ್ಟು ಕಾಯುವ ಅಕುತಗಾವಾ ಪ್ರಶಸ್ತಿ ಘೋಷಣೆಯಾದ ರಾತ್ರಿ. ಗೆದ್ದವರಲ್ಲಿ ಒಬ್ಬರಾದ ಶಿನ್ಯಾ ತನಾಕಾ ಪತ್ರಕರ್ತರ ಮುಂದೆ ಮುಖ ಬಿಗಿದುಕೊಂಡೇ ಕೂತರು. ಅದಕ್ಕೆ ಮೊದಲು ನಾಲ್ಕು ಸಲ ಅಂತಿಮ ಪಟ್ಟಿಯವರೆಗೆ ಬಂದು ಕೈತಪ್ಪಿದ್ದ ಪ್ರಶಸ್ತಿ ಅದು. ನಿರಾಕರಿಸುವುದೇ ಮರ್ಯಾದೆ, ಆದರೆ ನಿರಾಕರಿಸಿದ ಸುದ್ದಿ ಕೇಳಿ ಆಯ್ಕೆ ಸಮಿತಿಯ ಅಳ್ಳೆದೆಯ ಸದಸ್ಯರೊಬ್ಬರು ಕುಸಿದುಬಿದ್ದರೆ ಟೋಕಿಯೊದ ಆಡಳಿತವೇ ಕೆಡುತ್ತದೆ, ಹಾಗಾಗಿ ಗವರ್ನರ್ ಸಾಹೇಬರಿಗಾಗಿ ಮತ್ತು ನಗರದ ಜನರಿಗಾಗಿ ಸ್ವೀಕರಿಸುತ್ತೇನೆ ಎಂಬರ್ಥದ ಮಾತನ್ನಾಡಿ ಎದ್ದುಹೋದರು.

ಆ ಸದಸ್ಯರ ಹೆಸರು ಶಿಂತಾರೊ ಇಶಿಹಾರಾ. ಆಗ ಅವರಿಗೆ 79 ವರ್ಷ. 1995ರಿಂದಲೂ ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿದ್ದರು. 1999ರಿಂದ ಟೋಕಿಯೊದ ಗವರ್ನರ್ ಕೂಡ ಆಗಿದ್ದರು. ಜಪಾನಿನಲ್ಲಿ ಗವರ್ನರ್ ಎಂದರೆ ಜನ ನೇರವಾಗಿ ಮತ ಹಾಕಿ ಆರಿಸುವ, ಇಡೀ ಪ್ರಾಂತದ ಆಡಳಿತ ನಡೆಸುವ ಹುದ್ದೆ. ಆ ವರ್ಷ ಪರಿಗಣನೆಗೆ ಬಂದ ಕೃತಿಗಳು ಮೂರ್ಖತನದವು ಎಂದು ಕೆಲವೇ ದಿನಗಳ ಹಿಂದೆ ಇಶಿಹಾರಾ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು. ತನಾಕಾ ಅವರ ಉತ್ತರ ಅದಕ್ಕೆ ಬಂದ ಪೆಟ್ಟು. ಆ ಸಲದ ಆಯ್ಕೆ ಮುಗಿಯುತ್ತಲೇ ಇಶಿಹಾರಾ ಸಮಿತಿಯಿಂದ ಹೊರನಡೆದರು.

ಕಾದಂಬರಿಕಾರ ರಾಜಕಾರಣಿಯಾದ ಕಥೆ ಎಂದು ಇವರ ಬದುಕನ್ನು ಹೇಳುವುದು ವಾಡಿಕೆ. ಹಾಗೆ ಹೇಳಿದರೆ ಒಂದು ಮುಗಿದ ಮೇಲೆ ಇನ್ನೊಂದು ಶುರುವಾಯಿತು ಎಂಬ ಭಾವನೆ ಬರುತ್ತದೆ. ನಡೆದದ್ದು ಹಾಗಲ್ಲ. ಇಶಿಹಾರಾ ಸಂಸತ್ತಿನಲ್ಲಿದ್ದಾಗಲೂ ಬರೆದರು, ಸಚಿವರಾಗಿದ್ದಾಗಲೂ ಬರೆದರು, ರಾಜಧಾನಿ ಆಳುತ್ತಿದ್ದಾಗಲೂ ಬರೆದರು. ಅದಕ್ಕಿಂತ ಮುಖ್ಯವಾಗಿ, ಅವರು ರಾಜಕೀಯವನ್ನು ಕಾದಂಬರಿಕಾರನ ಕಸುಬಿನಿಂದಲೇ ಮಾಡಿದರು: ಓದುಗ ಮರೆಯಲಾಗದ ಒಂದು ದೃಶ್ಯ, ಕೇಳಿದವರು ಬೆಚ್ಚುವ ಒಂದು ವಾಕ್ಯ. ಈ ಕಸುಬು ಒಮ್ಮೆ ಒಂದು ಮಹಾನಗರದ ಗಾಳಿಯನ್ನು ಶುದ್ಧಗೊಳಿಸಿತು. ಇನ್ನೊಮ್ಮೆ ಎರಡು ದೇಶಗಳನ್ನು ಸಂಘರ್ಷದ ಅಂಚಿಗೆ ತಂದು ನಿಲ್ಲಿಸಿತು.

ಇಶಿಹಾರಾ ಹುಟ್ಟಿದ್ದು 1932ರ ಸೆಪ್ಟೆಂಬರ್ 30ರಂದು, ಕೋಬೆ ಬಂದರಿನಲ್ಲಿ. ತಂದೆ ಹಡಗು ಕಂಪನಿಯ ಉದ್ಯೋಗಿ. ವರ್ಗವಾದಲ್ಲೆಲ್ಲ ಸಂಸಾರವೂ ಹೋಯಿತು. ಮೊದಲು ಉತ್ತರದ ಹೊಕ್ಕೈಡೊ ದ್ವೀಪದ ಒತಾರು, ಆಮೇಲೆ ಟೋಕಿಯೊಗೆ ದಕ್ಷಿಣದ ಕಡಲತೀರದ ಊರು ಜುಷಿ. ಎರಡು ವರ್ಷ ಚಿಕ್ಕವನಾದ ತಮ್ಮ ಯುಜಿರೊ. ಅಣ್ಣ ತಮ್ಮ ಇಬ್ಬರಿಗೂ ಅಪ್ಪ ಕೊಡಿಸಿದ ಪುಟ್ಟ ಹಾಯಿದೋಣಿಯೇ ಲೋಕ. ಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಯುದ್ಧವಿಮಾನವೊಂದು ಶಾಲಾಬಾಲಕರಾಗಿದ್ದ ತಮ್ಮ ಮೇಲೆ ಗುಂಡು ಹಾರಿಸಿದ್ದನ್ನು ಇಶಿಹಾರಾ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಸಮುದ್ರದ ಮೇಲಿನ ಮೋಹ, ಅಮೆರಿಕದ ಮೇಲಿನ ಮುನಿಸು ಎರಡೂ ಆ ತೀರದಲ್ಲೇ ಬೇರೂರಿದವು.

1951ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಲೆಕ್ಕಪರಿಶೋಧಕನಾಗುವ ಯೋಚನೆಯಿಂದ ಹಿತೊತ್ಸುಬಾಶಿ ವಿಶ್ವವಿದ್ಯಾಲಯ ಸೇರಿದ ಇಶಿಹಾರಾ ಅದು ತನಗೆ ಹೇಳಿದ್ದಲ್ಲ ಎಂದು ಬೇಗ ತಿಳಿದುಕೊಂಡರು. ಕೆಯೊ ವಿಶ್ವವಿದ್ಯಾಲಯದ ಶ್ರೀಮಂತ ಹುಡುಗರ ಜತೆ ಕುಡಿತ, ಜೂಜು, ದೋಣಿವಿಹಾರ ಎಂದು ಅಲೆಯುತ್ತಿದ್ದ ಯುಜಿರೊ ಮನೆಗೆ ತರುತ್ತಿದ್ದ ಕಥೆಗಳು ಅಣ್ಣನಿಗೆ ಸಾಮಗ್ರಿಯಾದವು. ಅವುಗಳಲ್ಲಿ ಒಂದರಿಂದ ಹುಟ್ಟಿದ್ದು ‘ತೈಯೊ ನೊ ಕಿಸೆತ್ಸು’, ಅಂದರೆ ‘ಸೂರ್ಯನ ಋತು’. 1955ರ ಜುಲೈನಲ್ಲಿ ‘ಬುಂಗಕುಕಾಯ್’ ಪತ್ರಿಕೆಯಲ್ಲಿ ಅಚ್ಚಾದ ಈ ನೀಳ್ಗತೆಗೆ 1956ರ ಜನವರಿಯಲ್ಲಿ ಅಕುತಗಾವಾ ಪ್ರಶಸ್ತಿ ಬಂತು. ಲೇಖಕನಿಗೆ 23 ವರ್ಷ. ಇನ್ನೂ ವಿದ್ಯಾರ್ಥಿ.

ಕಥೆಯ ನಾಯಕ ತತ್ಸುಯಾ ಬಾಕ್ಸಿಂಗ್ ಆಡುವ ಹುಡುಗ. ತನ್ನನ್ನು ನಿಜವಾಗಿ ಪ್ರೀತಿಸತೊಡಗಿದ ಎಯ್‌ಕೊ ಎಂಬ ಹುಡುಗಿಯನ್ನು ಐದು ಸಾವಿರ ಯೆನ್‌ಗೆ ತನ್ನ ಅಣ್ಣನಿಗೆ ಬಿಟ್ಟುಕೊಡುತ್ತಾನೆ. ಗರ್ಭಿಣಿಯಾದ ಅವಳು ಗರ್ಭಪಾತದ ಶಸ್ತ್ರಚಿಕಿತ್ಸೆಯ ನಂತರ ಸಾಯುತ್ತಾಳೆ. ಅಂತ್ಯಕ್ರಿಯೆಗೆ ಬಂದ ಅವನು ಅವಳ ಭಾವಚಿತ್ರದತ್ತ ಧೂಪದ ಪಾತ್ರೆಯನ್ನು ಎಸೆಯುತ್ತಾನೆ. ಯುದ್ಧ ಮುಗಿದು ಹತ್ತೇ ವರ್ಷ ಆಗಿತ್ತು. ಹಸಿವು, ಸೋಲು, ತಪ್ಪಿತಸ್ಥ ಭಾವ ಇವನ್ನೇ ಬರೆಯುತ್ತಿದ್ದ ಸಾಹಿತ್ಯದ ನಡುವೆ, ಯಾವುದಕ್ಕೂ ಲಜ್ಜೆಪಡದ, ಯಾರಿಗೂ ಋಣಿಯಲ್ಲದ, ಮೈಬಲವನ್ನೇ ನಂಬಿದ ಹುಡುಗರು ಥಟ್ಟನೆ ಕಾಣಿಸಿಕೊಂಡರು. ತೀರ್ಪುಗಾರರು ಎರಡು ಬಣವಾದರು. ಹಿರಿಯ ಕವಿ ಹರುವೊ ಸಾತೊ ಉಗ್ರವಾಗಿ ವಿರೋಧಿಸಿದರು. ಪುಸ್ತಕ ಮಾತ್ರ ಅಂಗಡಿಗಳಲ್ಲಿ ನಿಲ್ಲಲಿಲ್ಲ.

ಇಂದು ಆ ಕಥೆ ಓದಿದರೆ ಗದ್ಯ ಒರಟು, ಹೆಣ್ಣಿನ ಚಿತ್ರಣ ಕ್ರೂರ. ಕಣ್ಣೆದುರಿನ ದೃಶ್ಯವನ್ನು ಕೆತ್ತಿ ನಿಲ್ಲಿಸುವ ಶಕ್ತಿ ಮಾತ್ರ ಅಲ್ಲಿ ಸ್ಪಷ್ಟವಾಗಿದೆ. ಆ ಶಕ್ತಿಯನ್ನು ಸಿನಿಮಾದವರು ತಕ್ಷಣ ಗುರುತಿಸಿದರು. ನಿಕ್ಕಾತ್ಸು ಕಂಪನಿ 1956ರ ಮೇ ತಿಂಗಳಲ್ಲೇ ಅದನ್ನು ಚಿತ್ರವಾಗಿಸಿತು. ಯುಜಿರೊ ಅದರಲ್ಲಿ ಸಣ್ಣ ಪಾತ್ರ ಮಾಡಿದರು. ಎರಡು ತಿಂಗಳ ನಂತರ ಅಣ್ಣನೇ ಚಿತ್ರಕಥೆ ಬರೆದ ‘ಕುರುತ್ತಾ ಕಜಿತ್ಸು’ವಿನಲ್ಲಿ ತಮ್ಮ ನಾಯಕನಟರಾದರು, ಮುಂದೆ ಯುದ್ಧಾನಂತರದ ಜಪಾನಿನ ಅತಿ ದೊಡ್ಡ ತಾರೆಯಾದರು. ಶಿಂತಾರೊ ಶೈಲಿಯ ಗಿಡ್ಡ ಕ್ರಾಪು, ಬಣ್ಣಬಣ್ಣದ ಅಂಗಿ, ಕಪ್ಪು ಕನ್ನಡಕದ ಯುವಕರನ್ನು ಪತ್ರಿಕೆಗಳು ‘ತೈಯೊಜೊಕು’, ಸೂರ್ಯನ ಬಳಗ ಎಂದು ಕರೆದವು. ತಾಯಂದಿರ ಸಂಘಗಳು, ಶಿಕ್ಷಕರು ಬೀದಿಗಿಳಿದರು. ಈ ಚಿತ್ರಗಳ ಮೇಲೆ ಎದ್ದ ಗದ್ದಲದಿಂದಾಗಿಯೇ ಚಿತ್ರೋದ್ಯಮದ ಸ್ವಯಂ ಸೆನ್ಸಾರ್ ಮಂಡಳಿ ‘ಎಯ್‌ರಿನ್’ ಪುನರ್‌ರಚನೆಗೊಂಡು ಹೊರಗಿನವರನ್ನು ಸೇರಿಸಿಕೊಳ್ಳಬೇಕಾಯಿತು.

ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ 54 ವರ್ಷಗಳ ನಂತರ, 2010ರ ಡಿಸೆಂಬರ್‌ನಲ್ಲಿ, ಮಾಂಗಾ ಎಂಬ ಚಿತ್ರಕಥೆಗಳು ಮತ್ತು ಅನಿಮೆ ಎಂಬ ಕಾರ್ಟೂನ್ ಚಿತ್ರಗಳಲ್ಲಿನ ಲೈಂಗಿಕ ಚಿತ್ರಣ ಎಳೆಯರಿಗೆ ಸಿಗದಂತೆ ಬಿಗಿಗೊಳಿಸುವ ಕಟ್ಟುನಿಟ್ಟಿನ ಸ್ಥಳೀಯ ಕಾನೂನನ್ನು ಟೋಕಿಯೊ ವಿಧಾನಸಭೆಯಲ್ಲಿ ಪಾಸು ಮಾಡಿಸಿದವರು ಇದೇ ಇಶಿಹಾರಾ. ಜೂನ್‌ನಲ್ಲಿ ಒಮ್ಮೆ ತಿರಸ್ಕೃತವಾಗಿದ್ದ ಮಸೂದೆಯನ್ನು ತಿದ್ದಿ ಮತ್ತೆ ತಂದಿದ್ದರು. ಷುಯೆಯ್‌ಶಾ, ಕೋದಾನ್‌ಶಾ, ಷೋಗಕುಕಾನ್‌ನಂಥ ದೊಡ್ಡ ಪ್ರಕಾಶಕರು ಟೋಕಿಯೊ ಅನಿಮೆ ಮೇಳವನ್ನು ಬಹಿಷ್ಕರಿಸುವುದಾಗಿ ಘೋಷಿಸಿದರು. ಮಕ್ಕಳ ರಕ್ಷಣೆಯ ವಾದದಲ್ಲಿ ಹುರುಳಿಲ್ಲ ಎಂದಲ್ಲ. ಆದರೆ ಸಮಾಜ ಹಾಳಾಗುತ್ತದೆ ಎಂಬ ಕೂಗಿನ ಎದುರು ನಿಂತು ಬರೆದು ಹೆಸರು ಮಾಡಿದವನೇ ಅದೇ ಕೂಗಿಗೆ ಕಾನೂನಿನ ಬಲ ಕೊಟ್ಟಾಗ, ಕಿರಿಯ ಬರಹಗಾರರಿಗೆ ಆದ ನೋವು ಸಹಜವಾದದ್ದು.

ಐವತ್ತರ ದಶಕದ ಇಶಿಹಾರಾ ಎಲ್ಲಿ ನಿಲ್ಲುತ್ತಾರೆ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. 1958ರಲ್ಲಿ ಪೊಲೀಸರ ಅಧಿಕಾರ ಹೆಚ್ಚಿಸುವ ಮಸೂದೆಯನ್ನು ಪ್ರತಿಭಟಿಸಿ ಹುಟ್ಟಿಕೊಂಡ ಯುವ ಲೇಖಕರ ಕೂಟದಲ್ಲಿ ಅವರೂ ಇದ್ದರು. ಕೆಂಜಾಬುರೊ ಓಎ, ಕವಿ ಷುಂತಾರೊ ತನಿಕಾವಾ, ವಿಮರ್ಶಕ ಜುನ್ ಎತೊ ಅದೇ ಕೂಟದವರು. ಓಎ ಆ ವರ್ಷವೇ ಅಕುತಗಾವಾ ಪಡೆದರು; ಮುಂದೆ ನೊಬೆಲ್ ಪುರಸ್ಕೃತರಾಗಿ, ಯುದ್ಧವನ್ನು ತ್ಯಜಿಸುವ ಸಂವಿಧಾನದ 9ನೇ ವಿಧಿಯ ಕಾವಲಿಗೆ ನಿಂತರು. ಇಶಿಹಾರಾ ಅದೇ ಸಂವಿಧಾನವನ್ನು ಅಮೆರಿಕ ಹೇರಿದ್ದು ಎಂದು ಬದುಕಿಡೀ ವಿರೋಧಿಸಿದರು. ಒಂದೇ ವೇದಿಕೆಯಿಂದ ಹೊರಟ ಇಬ್ಬರು ಹೀಗೆ ಎರಡು ದಿಕ್ಕು ಹಿಡಿದದ್ದು ಯುದ್ಧಾನಂತರದ ಜಪಾನಿನ ಒಳಜಗಳವನ್ನೇ ತೋರಿಸುತ್ತದೆ.

ತಿರುವು ಬಂದದ್ದು ವಿಯೆಟ್ನಾಂನಲ್ಲಿ. 1967ರ ಕೊನೆಗೆ ‘ಯೊಮಿಯುರಿ’ ಪತ್ರಿಕೆಯ ಪರವಾಗಿ ಕ್ರಿಸ್ಮಸ್ ಕದನವಿರಾಮದ ವರದಿಗೆ ಹೋದ ಇಶಿಹಾರಾ, ಸೈಗಾನ್‌ನ ಬುದ್ಧಿಜೀವಿಗಳು ತಮ್ಮ ದೇಶದ ಯುದ್ಧವನ್ನು ನಿರಾಸಕ್ತಿಯಿಂದ ನೋಡುತ್ತಿದ್ದುದನ್ನು ಕಂಡು ಕಂಗೆಟ್ಟರು. ಮರಳಿದ ಮೇಲೆ ಕಾಮಾಲೆಯಿಂದ ಹಾಸಿಗೆ ಹಿಡಿದರು. ಚೇತರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲೇ ರಾಜಕೀಯಕ್ಕಿಳಿಯುವ ನಿರ್ಧಾರ ಗಟ್ಟಿಯಾಯಿತು. 1968ರ ಜುಲೈನಲ್ಲಿ ಆಡಳಿತಾರೂಢ ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ ಮೇಲ್ಮನೆಯ ರಾಷ್ಟ್ರೀಯ ಕ್ಷೇತ್ರಕ್ಕೆ ನಿಂತು, 30 ಲಕ್ಷಕ್ಕೂ ಹೆಚ್ಚು ಮತ ಪಡೆದು ದೇಶಕ್ಕೇ ಮೊದಲಿಗರಾದರು.

ಬರಹಗಾರರು ಮತ ಕೇಳುವುದು ಜಪಾನಿಗೆ ಹೊಸದಲ್ಲ. ಅಕುತಗಾವಾ ಮತ್ತು ನಾವೊಕಿ ಪ್ರಶಸ್ತಿಗಳನ್ನು 1935ರಲ್ಲಿ ಹುಟ್ಟುಹಾಕಿದ ಸಾಹಿತಿ, ಪ್ರಕಾಶಕ ಕಾನ್ ಕಿಕುಚಿ 1928ರಲ್ಲೇ ಸಂಸತ್ತಿಗೆ ಸ್ಪರ್ಧಿಸಿ ಸೋತಿದ್ದರು. 1968ರಲ್ಲಿ ಇಶಿಹಾರಾ ಜತೆಗೇ ಗೆದ್ದವರಲ್ಲಿ ಕಾದಂಬರಿಕಾರ ಸನ್ಯಾಸಿ ತೋಕೊ ಕೊನ್ ಇದ್ದರು, ಟೀವಿ ಬರಹಗಾರ ಯುಕಿಯೊ ಅವೊಶಿಮಾ ಇದ್ದರು. ಈ ಅವೊಶಿಮಾ 1981ರಲ್ಲಿ ನಾವೊಕಿ ಪ್ರಶಸ್ತಿ ಪಡೆದರು, 1995ರಲ್ಲಿ ಟೋಕಿಯೊದ ಗವರ್ನರ್ ಆದರು. ಅವರ ಜಾಗಕ್ಕೆ ಬಂದವರು ಇಶಿಹಾರಾ. ಇಶಿಹಾರಾ ನಂತರ ಆ ಕುರ್ಚಿ ಏರಿದ ನವೊಕಿ ಇನೊಸೆ ಕೂಡ ಪ್ರಶಸ್ತಿ ಪಡೆದ ಲೇಖಕರೇ. ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದನ್ನು ಸುಮಾರು 18 ವರ್ಷ ಒಬ್ಬರಾದ ಮೇಲೊಬ್ಬರಂತೆ ಬರಹಗಾರರೇ ಆಳಿದ್ದು ಅಪರೂಪದ ಸಂಗತಿ.

ಇಶಿಹಾರಾ ರಾಜಕೀಯಕ್ಕೆ ಹೋದದ್ದನ್ನು ಯುಕಿಯೊ ಮಿಶಿಮಾ ಸುಲಭವಾಗಿ ಒಪ್ಪಲಿಲ್ಲ. ಆರಂಭದಲ್ಲಿ ಈ ಹುಡುಗನ ಬೆನ್ನಿಗೆ ನಿಂತ ಹಿರಿಯ ಬರಹಗಾರರಲ್ಲಿ ಅವರೂ ಒಬ್ಬರು. 1970ರ ಜೂನ್‌ನಲ್ಲಿ ‘ಮೈನಿಚಿ’ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು, ಪಕ್ಷದೊಳಗೇ ಇದ್ದುಕೊಂಡು ಪಕ್ಷವನ್ನು ಹೊರಗಿನವನಂತೆ ಟೀಕಿಸುವುದು ಯೋಧನ ಧರ್ಮವಲ್ಲ ಎಂದು ಆಕ್ಷೇಪಿಸಿದರು. ಅದೇ ವರ್ಷದ ನವೆಂಬರ್ 25ರಂದು ಮಿಶಿಮಾ ಹೊಟ್ಟೆ ಸೀಳಿಕೊಂಡು ಸತ್ತರು. ಒಬ್ಬರು ಮಾತಿಗೆ ಪ್ರಾಣವನ್ನೇ ಪಣವಾಗಿಟ್ಟರು. ಇನ್ನೊಬ್ಬರು ಮುಂದಿನ ನಾಲ್ಕು ದಶಕ ಚುನಾವಣೆ ಎದುರಿಸಿದರು.

ಸಂಸತ್ತಿನ ವರ್ಷಗಳು ಇಶಿಹಾರಾಗೆ ದಕ್ಕಿದ್ದು ಕಡಿಮೆ. 1972ರಲ್ಲಿ ಕೆಳಮನೆಗೆ ಬಂದರು. 1973ರಲ್ಲಿ ಬೆರಳು ಕುಯ್ದು ರಕ್ತದಲ್ಲಿ ಪ್ರತಿಜ್ಞೆ ಮಾಡಿದ ಬಲಪಂಥೀಯ ಯುವ ಸಂಸದರ ‘ಸೆಯ್‌ರಾನ್‌ಕಾಯ್’ ಗುಂಪು ಕಟ್ಟಿ ಸುದ್ದಿಯಾದರು. 1975ರಲ್ಲಿ ಟೋಕಿಯೊ ಗವರ್ನರ್ ಹುದ್ದೆಗೆ ನಿಂತು, ಎಡಪಂಥೀಯರ ಬೆಂಬಲವಿದ್ದ ಅರ್ಥಶಾಸ್ತ್ರಜ್ಞ ರ್ಯೋಕಿಚಿ ಮಿನೊಬೆ ಎದುರು ಸೋತರು. 1976ರ ಕೊನೆಗೆ ಪರಿಸರ ಇಲಾಖೆಯ ಮುಖ್ಯಸ್ಥರಾದರು. ಆ ಹುದ್ದೆಯಲ್ಲಿರುವಾಗಲೇ ಮಿನಾಮಾತಾಕ್ಕೆ ಹೋದರು. ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಸಾವಿರಾರು ಜನರ ನರಮಂಡಲ ಹಾಳುಮಾಡಿದ ಊರು ಅದು. ಆ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಇಶಿಹಾರಾ ಪ್ರಶಸ್ತಿ ಗೆದ್ದ ವರ್ಷ. ಸಂತ್ರಸ್ತರ ಮನವಿಯ ಬಗ್ಗೆ ಆಡಿದ ಹಗುರ ಮಾತಿಗಾಗಿ ಅವರೆದುರು ಮಂಡಿಯೂರಿ ಕ್ಷಮೆ ಕೇಳಬೇಕಾಯಿತು. 1987ರಲ್ಲಿ ಸಾರಿಗೆ ಸಚಿವರಾದರು. 1989ರಲ್ಲಿ ಪಕ್ಷದ ಅಧ್ಯಕ್ಷಗಿರಿಗೆ, ಅಂದರೆ ಪ್ರಧಾನಿ ಪಟ್ಟಕ್ಕೆ, ಸ್ಪರ್ಧಿಸಿ ತೊಶಿಕಿ ಕೈಫು ಎದುರು ಸೋತರು.

ಅದೇ 1989ರಲ್ಲಿ ಸೋನಿ ಸಂಸ್ಥೆಯ ಅಧ್ಯಕ್ಷ ಅಕಿಯೊ ಮೊರಿತಾ ಜತೆ ಸೇರಿ ಬರೆದ ‘ಇಲ್ಲ ಎನ್ನಬಲ್ಲ ಜಪಾನ್’ ಅವರನ್ನು ಜಗತ್ತಿಗೆ ಪರಿಚಯಿಸಿತು. ಜಪಾನಿನ ಕಾರು, ಟೀವಿಗಳು ಅಮೆರಿಕದ ಮಾರುಕಟ್ಟೆಯನ್ನು ಆವರಿಸಿದ್ದ, ವ್ಯಾಪಾರದ ಜಗಳ ತಾರಕಕ್ಕೇರಿದ್ದ ಸಮಯ. ಅಮೆರಿಕದ ಕ್ಷಿಪಣಿಗಳು ನಿಖರವಾಗಿ ಗುರಿ ಮುಟ್ಟುವುದು ಜಪಾನಿನ ಚಿಪ್‌ಗಳಿಂದ, ಅವನ್ನು ಸೋವಿಯತ್ ಒಕ್ಕೂಟಕ್ಕೆ ಮಾರಿದರೆ ಜಗತ್ತಿನ ಬಲಾಬಲವೇ ಬದಲಾದೀತು ಎಂದು ಇಶಿಹಾರಾ ವಾದಿಸಿದ್ದರು. ಅನುಮತಿಯಿಲ್ಲದ ಇಂಗ್ಲಿಷ್ ಅನುವಾದ ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಕೈಯಿಂದ ಕೈಗೆ ಹರಿದಾಡಿತು. ಅಮೆರಿಕದಲ್ಲಿ ವ್ಯಾಪಾರ ಇದ್ದ ಮೊರಿತಾ ಹಿಂದೆ ಸರಿದರು. 1991ರಲ್ಲಿ ಅಧಿಕೃತ ಇಂಗ್ಲಿಷ್ ಆವೃತ್ತಿ ಬಂದಾಗ ಅದರ ಮೇಲಿದ್ದದ್ದು ಇಶಿಹಾರಾ ಹೆಸರು ಮಾತ್ರ. ಆಮೇಲೆ ಮಲೇಷ್ಯಾದ ಪ್ರಧಾನಿ ಮಹಾತಿರ್ ಮೊಹಮದ್ ಜತೆಗೂ ಇಂಥದೇ ಒಂದು ಪುಸ್ತಕ ಬರೆದರು. ಆದರೆ ಏಷ್ಯಾದ ದನಿ ಎತ್ತುತ್ತಿದ್ದ ಇದೇ ವ್ಯಕ್ತಿ 1990ರಲ್ಲಿ ‘ಪ್ಲೇಬಾಯ್’ ಪತ್ರಿಕೆಯ ಸಂದರ್ಶನದಲ್ಲಿ ಜಪಾನೀ ಸೇನೆ ಚೀನಾದಲ್ಲಿ ನಡೆಸಿದ ನಾನ್‌ಜಿಂಗ್ ಹತ್ಯಾಕಾಂಡವನ್ನು ಚೀನೀಯರು ಕಟ್ಟಿದ ಕಥೆ ಎಂದುಬಿಟ್ಟರು. ಸಾಕ್ಷ್ಯಗಳಿಗೆ ಬೆನ್ನು ತಿರುಗಿಸಿ ಆಡಿದ ಆ ಮಾತು ಏಷ್ಯಾದ ನೆರೆಯವರು ಅವರನ್ನು ನಂಬದಂತೆ ಮಾಡಿತು.

1995ರಲ್ಲಿ, ಸಂಸತ್ತಿನಲ್ಲಿ 25 ವರ್ಷ ಪೂರೈಸಿದ್ದಕ್ಕೆ ಸನ್ಮಾನ ಮಾಡಿದ ದಿನವೇ ಇಶಿಹಾರಾ ರಾಜೀನಾಮೆ ಘೋಷಿಸಿದರು. ಮರುವರ್ಷ ‘ಒತೋತೊ’ (ತಮ್ಮ) ಪುಸ್ತಕ ಬಂತು. 1987ರಲ್ಲಿ ಲಿವರ್ ಕ್ಯಾನ್ಸರ್‌ನಿಂದ 52ನೇ ವಯಸ್ಸಿಗೇ ತೀರಿಕೊಂಡ ಯುಜಿರೊ ಕುರಿತದ್ದು. ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ರಾಜಕೀಯದ ಆರ್ಭಟವಿಲ್ಲದ ಜಾಗದಲ್ಲಿ ಇಶಿಹಾರಾ ಗದ್ಯ ಎಷ್ಟು ಹದವಾಗಿತ್ತು ಎನ್ನುವುದಕ್ಕೆ ಈ ಪುಸ್ತಕ, ಹಾಗೂ ಸಮುದ್ರದ ಅನುಭವಗಳ ಕಿರುಬರಹಗಳ 1990ರ ಸಂಕಲನ, ಎರಡೂ ಸಾಕ್ಷಿ. ರಾಜಕಾರಣಿಯನ್ನು ಒಪ್ಪದ ವಿಮರ್ಶಕರೂ ಆ ಸಂಕಲನವನ್ನು ಮೆಚ್ಚಿದ್ದಾರೆ. 1999ರ ಮಾರ್ಚ್‌ನಲ್ಲಿ ಗವರ್ನರ್ ಚುನಾವಣೆಗೆ ನಿಲ್ಲುವುದನ್ನು ಪ್ರಕಟಿಸಲು ಬಂದಾಗ ತನ್ನನ್ನು ಯುಜಿರೊನ ಅಣ್ಣ ಎಂದು ಪರಿಚಯಿಸಿಕೊಂಡು ಮಾತು ಶುರುಮಾಡಿದರು. ಘಟಾನುಘಟಿಗಳಿದ್ದ ಕಣದಲ್ಲಿ ಪಕ್ಷೇತರರಾಗಿ 16 ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಪತ್ರಿಕಾಗೋಷ್ಠಿಯೊಂದಕ್ಕೆ ಇಶಿಹಾರಾ ಕಪ್ಪು ಮಸಿ ತುಂಬಿದ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದರು. ಡೀಸೆಲ್ ವಾಹನಗಳ ಹೊಗೆಕೊಳವೆಯಿಂದ ಹೊರಬೀಳುವ ಕಣಗಳು ಅವು. ಟೋಕಿಯೊದಲ್ಲಿ ದಿನವೊಂದಕ್ಕೆ ಇಂಥ 1.2 ಲಕ್ಷ ಬಾಟಲಿಯಷ್ಟು ಮಸಿ ಗಾಳಿ ಸೇರುತ್ತಿದೆ, ನಾವೆಲ್ಲ ಅದನ್ನೇ ಉಸಿರಾಡುತ್ತಿದ್ದೇವೆ ಎಂದು ಬಾಟಲಿ ಅಲ್ಲಾಡಿಸಿ ತೋರಿಸಿದರು. ಟೀವಿ ನೋಡುತ್ತಿದ್ದ ಗೃಹಿಣಿಗೂ ಲಾರಿ ಮಾಲೀಕನಿಗೂ ಒಂದೇ ಕ್ಷಣದಲ್ಲಿ ವಿಷಯ ಅರ್ಥವಾಯಿತು. ಕಣಗಳ ಸಾಂದ್ರತೆ, ಗಂಧಕದ ಪ್ರಮಾಣ ಎಂದು ವರ್ಷಗಟ್ಟಲೆ ತಜ್ಞರು ಬರೆದ ವರದಿಗಳು ಮಾಡಲಾಗದ್ದನ್ನು ಆ ಬಾಟಲಿ ಮಾಡಿತು.

ಈ ಸಲ ದೃಶ್ಯದ ಹಿಂದೆ ಕೆಲಸವೂ ಇತ್ತು. 2000ರ ಡಿಸೆಂಬರ್‌ನಲ್ಲಿ ಕಾನೂನು ಬಂತು. ಮಾನದಂಡಕ್ಕೆ ಹೊಂದದ ಡೀಸೆಲ್ ಲಾರಿ, ಬಸ್ಸುಗಳು 2003ರ ಅಕ್ಟೋಬರ್ 1ರಿಂದ ಟೋಕಿಯೊದೊಳಗೆ ಓಡುವಂತಿಲ್ಲ. ಇಲ್ಲವೇ ಕಣಗಳನ್ನು ಹಿಡಿದಿಡುವ ಫಿಲ್ಟರ್ ಅಳವಡಿಸಬೇಕು. ಹೊರ ಊರಿನಿಂದ ಬರುವ ವಾಹನಗಳಿಗೂ ಇದೇ ನಿಯಮ. ಪಕ್ಕದ ಸೈತಾಮಾ, ಚಿಬಾ, ಕನಗಾವಾ ಪ್ರಾಂತಗಳು ಜತೆಗೂಡಿದವು. ತೈಲ ಕಂಪನಿಗಳು ಗಂಧಕ ಕಡಿಮೆ ಇರುವ ಡೀಸೆಲ್ ಅನ್ನು ಅವಧಿಗೆ ಮುಂಚೆಯೇ ಪೂರೈಸಿದವು. ದೊಡ್ಡ ವ್ಯಾಪಾರಿ ಸಂಸ್ಥೆಯಾದ ಮಿತ್ಸುಯಿ ತನ್ನ ಫಿಲ್ಟರ್‌ಗಳ ಪರೀಕ್ಷಾ ದತ್ತಾಂಶವನ್ನು ತಿರುಚಿದ್ದು 2004ರಲ್ಲಿ ಬಯಲಾದರೂ ಕಾರ್ಯಕ್ರಮ ನಿಲ್ಲಲಿಲ್ಲ. ಹೊಗೆಯಿಂದ ಅಸ್ತಮಾ ಬಂತೆಂದು ಹೂಡಿದ ಮೊಕದ್ದಮೆಯಲ್ಲಿ 2002ರಲ್ಲಿ ತೀರ್ಪು ಬಂದಾಗ ಟೋಕಿಯೊ ಆಡಳಿತ ಮೇಲ್ಮನವಿಗೆ ಹೋಗಲಿಲ್ಲ. 2007ರ ರಾಜಿಯ ನಂತರ ಅಸ್ತಮಾ ರೋಗಿಗಳ ಚಿಕಿತ್ಸಾ ವೆಚ್ಚ ಭರಿಸುವ ಯೋಜನೆ ಜಾರಿಯಾಯಿತು. 2010ರಲ್ಲಿ ದೊಡ್ಡ ಕಟ್ಟಡಗಳ ಇಂಗಾಲ ಹೊರಸೂಸುವಿಕೆಗೆ ಕಡ್ಡಾಯ ಮಿತಿ ಹಾಕಿದ ವ್ಯವಸ್ಥೆಯೂ ಇವರ ಕಾಲದ್ದೇ. ಮಿನಾಮಾತಾದಲ್ಲಿ ಮಂಡಿಯೂರಿದ್ದ ವ್ಯಕ್ತಿ ಮಾಡಿದ ಈ ಕೆಲಸವನ್ನು, ಅವರ ಉಳಿದ ಮಾತುಗಳ ಮೇಲಿನ ಸಿಟ್ಟಿನಲ್ಲಿ ಅಳಿಸಿಹಾಕುವುದು ಅನ್ಯಾಯ.

ಆ ಸಿಟ್ಟಿಗೂ ಕಾರಣಗಳಿವೆ. 2000ದ ಏಪ್ರಿಲ್ 9ರಂದು ನೆರಿಮಾದ ಸೇನಾ ನೆಲೆಯಲ್ಲಿ ಸೈನಿಕರನ್ನು ಉದ್ದೇಶಿಸಿ ಮಾತನಾಡುತ್ತ, ಅಕ್ರಮವಾಗಿ ನುಸುಳಿದ ವಿದೇಶೀಯರು ಘೋರ ಅಪರಾಧಗಳನ್ನು ಎಸಗುತ್ತಿದ್ದಾರೆ, ದೊಡ್ಡ ಭೂಕಂಪ ಆದರೆ ಗಲಭೆ ಏಳಬಹುದು, ಆಗ ಸೇನೆ ಸಿದ್ಧವಿರಬೇಕು ಎಂದರು. ಯುದ್ಧಾನಂತರ ಕೊರಿಯನ್ನರನ್ನೂ ತೈವಾನೀಯರನ್ನೂ ಹೀಗಳೆಯಲು ಬಳಸುತ್ತಿದ್ದ ಪದವನ್ನೇ ಎತ್ತಿಕೊಂಡರು. ಟೋಕಿಯೊದಲ್ಲಿ ಈ ಮಾತಿನ ಭಾರ ಎಷ್ಟೆಂದು 1923 ಗೊತ್ತಿದ್ದವರಿಗೆ ತಿಳಿಯುತ್ತದೆ. ಆ ವರ್ಷದ ಸೆಪ್ಟೆಂಬರ್ 1ರ ಮಹಾಭೂಕಂಪದ ನಂತರ, ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಗಾಳಿಮಾತು ಹಬ್ಬಿ, ಬೀದಿಗಳಲ್ಲಿ ಸಾವಿರಾರು ಕೊರಿಯನ್ನರನ್ನು ಕೊಂದರು. ಆ ನಗರದ ಗವರ್ನರ್ ಭೂಕಂಪ ಮತ್ತು ವಿದೇಶೀಯರನ್ನು ಒಂದೇ ವಾಕ್ಯದಲ್ಲಿ ಪೋಣಿಸುವುದು ಬರಿಯ ಬಾಯಿತಪ್ಪಲ್ಲ, ಬೆಂಕಿಯ ಜತೆಗಿನ ಆಟ. ಅಚ್ಚರಿ ಎಂದರೆ, ಆ ಹತ್ಯಾಕಾಂಡದ ಸ್ಮರಣೆಗೆ ಪ್ರತಿ ವರ್ಷ ನಡೆಯುವ ಸಭೆಗೆ ಇದೇ ಇಶಿಹಾರಾ ಶ್ರದ್ಧಾಂಜಲಿ ಸಂದೇಶ ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿದವರು 2017ರಲ್ಲಿ ಗವರ್ನರ್ ಆಗಿದ್ದ ಯುರಿಕೊ ಕೊಯಿಕೆ.

ಹೆಂಗಸರ ಬಗ್ಗೆ, ತೀವ್ರ ಅಂಗವೈಕಲ್ಯ ಇರುವವರ ಬಗ್ಗೆ ಆಡಿದ ಮಾತುಗಳೂ ಅಷ್ಟೇ ಕಟುವಾಗಿದ್ದವು. ಹೆಂಗಸರ ಗುಂಪೊಂದು ಕೋರ್ಟಿಗೆ ಹೋಯಿತು. ಆದರೂ 2003ರಲ್ಲಿ 30 ಲಕ್ಷಕ್ಕೂ ಹೆಚ್ಚು ಜನ, ಅಂದರೆ ಮತ ಹಾಕಿದವರಲ್ಲಿ ಸುಮಾರು ಶೇಕಡ 70 ಮಂದಿ, ಅವರನ್ನೇ ಮತ್ತೆ ಆರಿಸಿದರು. ಅಧಿಕಾರಿಗಳು ಬರೆದುಕೊಟ್ಟ ಟಿಪ್ಪಣಿ ಓದುವ ರಾಜಕಾರಣಿಗಳಿಂದ ಬೇಸತ್ತ ಜನಕ್ಕೆ, ಕಡ್ಡಿ ಮುರಿದಂತೆ ನೇರ ಮಾತನಾಡುವ ಮುದುಕ ಇಷ್ಟವಾಗಿದ್ದರು. ಆ ನೇರ ಮಾತಿನ ಏಟು ಯಾರ ಮೇಲೆ ಬೀಳುತ್ತಿತ್ತೋ ಅವರಲ್ಲಿ ಅನೇಕರಿಗೆ ಮತವೇ ಇರಲಿಲ್ಲ.

ಹಣದ ವಿಷಯದಲ್ಲಿ ದೃಶ್ಯ ಸಾಲಲಿಲ್ಲ. ಸರ್ಕಾರದ ನೆರವು ಪಡೆದೂ ತೆರಿಗೆ ಕಟ್ಟದ ದೊಡ್ಡ ಬ್ಯಾಂಕುಗಳ ಮೇಲೆ 2000ದಲ್ಲಿ ಶೇಕಡ 3ರ ವಿಶೇಷ ತೆರಿಗೆ ಹಾಕಿದಾಗ ಜನ ಚಪ್ಪಾಳೆ ತಟ್ಟಿದರು. ನ್ಯಾಯಾಲಯಗಳು ಒಪ್ಪಲಿಲ್ಲ. 2003ರ ರಾಜಿಯಲ್ಲಿ ದರ ಶೇಕಡ 0.9ಕ್ಕೆ ಇಳಿದು, ಹೆಚ್ಚುವರಿ ವಸೂಲಿಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಯಿತು. ಸಣ್ಣ ಉದ್ಯಮಗಳಿಗೆ ಸಾಲ ಕೊಡಲೆಂದು ನಗರದ 10,000 ಕೋಟಿ ಯೆನ್ ಹಾಕಿ 2005ರಲ್ಲಿ ತೆರೆದ ‘ಶಿನ್‌ಗಿಂಕೊ ಟೋಕಿಯೊ’ ಬ್ಯಾಂಕು ಮೂರೇ ವರ್ಷದಲ್ಲಿ ಬಂಡವಾಳವನ್ನೆಲ್ಲ ಕರಗಿಸಿತು. 2008ರಲ್ಲಿ ಇನ್ನೂ 4,000 ಕೋಟಿ ಯೆನ್ ಸುರಿಯಬೇಕಾಯಿತು. 2007ರಲ್ಲಿ ಶುರುವಾದ ಟೋಕಿಯೊ ಮ್ಯಾರಥಾನ್ ಮಾತ್ರ ಇಂದಿಗೂ ನಗರದ ಹಬ್ಬ.

2011ರ ಮಾರ್ಚ್ 11ರ ಸುನಾಮಿ ಬಂದು ಮೂರು ದಿನವಾಗಿತ್ತು. ಜಪಾನೀಯರ ಸ್ವಾರ್ಥವನ್ನು ತೊಳೆಯಲು ಬಂದ ದೈವದ ಶಿಕ್ಷೆ ಅದು ಎಂದು ಇಶಿಹಾರಾ ಹೇಳಿದರು. ಹೆಣಗಳನ್ನು ಇನ್ನೂ ಹುಡುಕುತ್ತಿದ್ದ ಸಮಯ. ಮರುದಿನ ಕ್ಷಮೆ ಕೇಳಿದರು. ಅದಾಗಿ ಒಂದು ವಾರದೊಳಗೆ, ಫುಕುಶಿಮಾದ ಅಣು ರಿಯಾಕ್ಟರ್‌ಗೆ ನೀರು ಹಾಯಿಸಿ ಮರಳಿದ ಟೋಕಿಯೊ ಅಗ್ನಿಶಾಮಕ ದಳದವರಿಗೆ ಕೃತಜ್ಞತೆ ಹೇಳುವಾಗ ಎಲ್ಲರೆದುರು ಅತ್ತರು. ವಿಕಿರಣದ ಹೆದರಿಕೆಯಿಂದ ಉಳಿದ ಪ್ರಾಂತಗಳು ಹಿಂಜರಿಯುತ್ತಿದ್ದಾಗ ಸುನಾಮಿಯ ಭಗ್ನಾವಶೇಷಗಳನ್ನು ಟೋಕಿಯೊಗೆ ತರಿಸಿಕೊಂಡು ವಿಲೇವಾರಿ ಮಾಡಿಸಿದರು. ಏಪ್ರಿಲ್‌ನಲ್ಲಿ ನಾಲ್ಕನೇ ಸಲ ಗೆದ್ದರು.

2012ರ ಏಪ್ರಿಲ್ 16ರಂದು ವಾಷಿಂಗ್ಟನ್ನಿನ ಹೆರಿಟೇಜ್ ಫೌಂಡೇಶನ್‌ನಲ್ಲಿ ಭಾಷಣ ಮಾಡುತ್ತ, ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗಳನ್ನು ಅವುಗಳ ಖಾಸಗಿ ಒಡೆಯರಿಂದ ಟೋಕಿಯೊ ನಗರ ಕೊಂಡುಕೊಳ್ಳಲಿದೆ ಎಂದು ಘೋಷಿಸಿದರು. ಜನವಸತಿಯಿಲ್ಲದ ಆ ಕಲ್ಲುದ್ವೀಪಗಳನ್ನು ಚೀನಾ ದಿಯಾವೊಯು ಎಂದು ಕರೆದು ತನ್ನದೆನ್ನುತ್ತದೆ. ಜನರಿಂದ ಸುಮಾರು 140 ಕೋಟಿ ಯೆನ್ ದೇಣಿಗೆ ಹರಿದುಬಂತು. ದ್ವೀಪಗಳು ಇಶಿಹಾರಾ ಕೈಗೆ ಹೋದರೆ ಏನಾದೀತೋ ಎಂಬ ಆತಂಕದಿಂದ ಪ್ರಧಾನಿ ಯೊಶಿಹಿಕೊ ನೊದಾ ಸರ್ಕಾರವೇ ಸೆಪ್ಟೆಂಬರ್ 11ರಂದು ಮೂರು ದ್ವೀಪಗಳನ್ನು 205 ಕೋಟಿ ಯೆನ್‌ಗೆ ಕೊಂಡಿತು. ಶಮನ ಮಾಡಲು ಇಟ್ಟ ಆ ಹೆಜ್ಜೆಯನ್ನು ಚೀನಾ ಆಕ್ರಮಣವೆಂದೇ ಓದಿತು. ಚೀನಾದ ಹತ್ತಾರು ನಗರಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು, ಚಿಂಗ್‌ದಾವೊದಲ್ಲಿ ಪ್ಯಾನಸಾನಿಕ್ ಕಾರ್ಖಾನೆಯ ಮೇಲೆ ದಾಳಿಯಾಯಿತು, ಜಪಾನೀ ಕಾರುಗಳ ಮಾರಾಟ ಕುಸಿಯಿತು. ಆಮೇಲಿಂದ ಚೀನಾದ ಸರ್ಕಾರಿ ಹಡಗುಗಳು ಆ ನೀರಿನಲ್ಲಿ ಸುಳಿಯುವುದು ಮಾಮೂಲಾಗಿದೆ. ಯುದ್ಧ ಆಗಿಲ್ಲ. ಆದರೆ ಒಬ್ಬ ಗವರ್ನರ್‌ನ ಒಂದು ಭಾಷಣ ಬಿಗಿಗೊಳಿಸಿದ ಗಂಟನ್ನು ಎರಡು ದೇಶಗಳ ರಾಯಭಾರಿಗಳು ಇನ್ನೂ ಬಿಚ್ಚುತ್ತಿದ್ದಾರೆ.

ಅದೇ 2012ರ ಅಕ್ಟೋಬರ್‌ನಲ್ಲಿ ಗವರ್ನರ್ ಹುದ್ದೆ ಬಿಟ್ಟು, ತಮಗೆ ಪ್ರಶಸ್ತಿ ತಂದ ಕೃತಿಯನ್ನು ನೆನಪಿಸುವ ‘ಸೂರ್ಯನ ಪಕ್ಷ’ ಕಟ್ಟಿ, ಅದನ್ನು ಒಸಾಕಾದ ತೋರು ಹಾಶಿಮೊತೊ ಅವರ ಪಕ್ಷದಲ್ಲಿ ವಿಲೀನಗೊಳಿಸಿ, 80ನೇ ವಯಸ್ಸಿನಲ್ಲಿ ಮತ್ತೆ ಸಂಸತ್ತಿಗೆ ಬಂದರು. 2014ರ ಚುನಾವಣೆಯಲ್ಲಿ ಸೋತು ರಾಜಕೀಯಕ್ಕೆ ವಿದಾಯ ಹೇಳಿದರು.

ಬರವಣಿಗೆಗೆ ವಿದಾಯ ಹೇಳಲಿಲ್ಲ. 2016ರಲ್ಲಿ ಬಂದ ‘ತೆನ್ಸಾಯ್’ (ಪ್ರತಿಭಾವಂತ) ಆ ವರ್ಷದ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳಲ್ಲೊಂದು. ಮಾಜಿ ಪ್ರಧಾನಿ ಕಕುಯೆಯ್ ತನಾಕಾ ತಾವೇ ಮಾತನಾಡುತ್ತಿರುವಂತೆ ಉತ್ತಮ ಪುರುಷದಲ್ಲಿ ಬರೆದ ಕಾದಂಬರಿ ಅದು. ಎಪ್ಪತ್ತರ ದಶಕದಲ್ಲಿ ತನಾಕಾರ ಹಣದ ರಾಜಕೀಯವನ್ನು ಎಲ್ಲರಿಗಿಂತ ಗಟ್ಟಿಯಾಗಿ ಖಂಡಿಸಿದ್ದವರು ಇದೇ ಇಶಿಹಾರಾ. ಬಡತನದಿಂದ ಮೇಲೆ ಬಂದು, ಚೀನಾದ ಜತೆ ಸಂಬಂಧ ಬೆಸೆದು, ಲಾಕ್‌ಹೀಡ್ ಲಂಚದ ಹಗರಣದಲ್ಲಿ ಬಿದ್ದ ವ್ಯಕ್ತಿಯ ಒಳಗೆ ಹೊಕ್ಕು ಅವರ ದನಿಯಲ್ಲೇ ಮಾತನಾಡಲು 83 ವರ್ಷದ ಲೇಖಕನಿಗೆ ಸಾಧ್ಯವಾಯಿತು. ಎದುರಾಳಿಯನ್ನು ಹೀಗೆ ಒಳಗಿನಿಂದ ನೋಡುವ ಶಕ್ತಿ ಅಧಿಕಾರದಲ್ಲಿದ್ದಾಗ ಟೋಕಿಯೊದ ಕೊರಿಯನ್ನರಿಗೋ ಹೆಂಗಸರಿಗೋ ಸಿಗಲಿಲ್ಲ ಎಂಬ ಸಂಕಟ ಆ ಪುಸ್ತಕ ಓದುವಾಗ ಕಾಡುತ್ತದೆ.

2017ರ ಮಾರ್ಚ್‌ನಲ್ಲಿ ಟೋಕಿಯೊ ವಿಧಾನಸಭೆಯ ವಿಶೇಷ ಸಮಿತಿ ಇಶಿಹಾರಾರನ್ನು ವಿಚಾರಣೆಗೆ ಕರೆಯಿತು. ತ್ಸುಕಿಜಿಯ ಪ್ರಸಿದ್ಧ ಮೀನು ಮಾರುಕಟ್ಟೆಯನ್ನು ಹಳೆಯ ಗ್ಯಾಸ್ ಕಾರ್ಖಾನೆಯ ಕಲುಷಿತ ನೆಲವಾದ ತೊಯೊಸುವಿಗೆ ಸ್ಥಳಾಂತರಿಸಲು ಅವರ ಕಾಲದಲ್ಲಿ ಆದ ತೀರ್ಮಾನದ ಬಗ್ಗೆ ಪ್ರಶ್ನೆಗಳಿದ್ದವು. ಪಾರ್ಶ್ವವಾಯುವಿನ ನಂತರ ನೆನಪು ಕೈಕೊಡುತ್ತಿದೆ, ಮಕ್ಕಳು ಮೊದಲು ಕಲಿಯುವ ಹಿರಗಾನಾ ಅಕ್ಷರಗಳೂ ಮರೆತುಹೋಗಿವೆ ಎಂದು ಅವರು ಸಭೆಗೆ ತಿಳಿಸಿದರು. ಯಾರು ಯಾವಾಗ ಏನು ನಿರ್ಧರಿಸಿದರು ಎಂಬುದಕ್ಕೆ ಅವರಿಂದ ಸ್ಪಷ್ಟ ಉತ್ತರ ಸಿಗಲಿಲ್ಲ. ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲಿ ತೊಯೊಸುವಿಗೆ ಹೋಯಿತು.

2022ರ ಫೆಬ್ರವರಿ 1ರಂದು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ನರಳುತ್ತಿದ್ದ ಇಶಿಹಾರಾ ಟೋಕಿಯೊದ ತಮ್ಮ ಮನೆಯಲ್ಲಿ 89ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಮುಂದಿನ ತಿಂಗಳು ಪತ್ನಿ ನೊರಿಕೊ ತೀರಿಕೊಂಡರು. ನಾಲ್ವರು ಗಂಡುಮಕ್ಕಳಲ್ಲಿ ಇಬ್ಬರು ಸಂಸದರಾದವರು, ಒಬ್ಬರು ನಟ, ಒಬ್ಬರು ಚಿತ್ರಕಲಾವಿದ. ತಾನೂ ಹೆಂಡತಿಯೂ ಇಬ್ಬರೂ ಇಲ್ಲವಾದ ಮೇಲೆ ಮಾತ್ರ ಪ್ರಕಟಿಸಬೇಕೆಂದು ಪ್ರಕಾಶಕರಿಗೆ ಮುಂಚೆಯೇ ಒಪ್ಪಿಸಿದ್ದ ಆತ್ಮಕಥೆ ಜೂನ್‌ನಲ್ಲಿ ಹೊರಬಂತು. ಮದುವೆಯಾಚೆಗಿನ ಸಂಬಂಧಗಳನ್ನೂ ಮುಚ್ಚಿಡದೆ ಬರೆದ ಆ ಪುಸ್ತಕ ಹೊರಬರುತ್ತಲೇ ಮತ್ತೆ ವಾದ ಎಬ್ಬಿಸಿ, ಮಾರಾಟದ ಪಟ್ಟಿಯಲ್ಲಿ ಮೇಲೇರಿತು.